ಕರೇಕಲ್ಲು ಗುಡ್ಡದ ಮೆಟ್ಟಿಲುಗಳು

"ಕ್ಷಮೆ ಸಿಗುವವರೆಗೆ ಎಷ್ಟು ಸಲ ಕೇಳಬೇಕು, ಗುರುಗಳೇ?"

ಹೀಗೆ ಕೇಳಿದವನು ಚೆನ್ನವೀರ. ಅವನು ಮಠಕ್ಕೆ ಸೇರಿ ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಊರಿನಲ್ಲಿ ಬೇಸಾಯ ಮಾಡಿಕೊಂಡಿದ್ದ. ಒಂದು ಬೇಸಿಗೆಯಲ್ಲಿ ತನ್ನ ಹೊಲದ ಬದುವಿನ ಒಣಹುಲ್ಲಿಗೆ ಬೆಂಕಿ ಹಚ್ಚಿದ. ಅದು ಆರುವವರೆಗೆ ಕಾಯದೆ ಊಟಕ್ಕೆ ಮನೆಗೆ ಹೋದ. ಗಾಳಿ ತಿರುಗಿ ಬೆಂಕಿ ಪಕ್ಕದ ಹೊಲದವನ ಕೊಟ್ಟಿಗೆಗೆ ತಗುಲಿತು. ಒಳಗೆ ಕಟ್ಟಿದ್ದ ಜೋಡೆತ್ತು ಸತ್ತವು. ಅವುಗಳ ಹಗ್ಗ ಬಿಚ್ಚಲು ನುಗ್ಗಿದವನ ಕೈಗಳು ಬೆಂದವು.

ಮೂರು ಸಲ ಅವನ ಕಾಲು ಹಿಡಿಯಲು ಹೋದೆ ಎಂದು ಚೆನ್ನವೀರ ಹೇಳಿದ. ಮೊದಲ ಸಲ ಅವನು ಎದ್ದು ಒಳಗೆ ಹೋದನಂತೆ. ಎರಡನೆಯ ಸಲ ಬಾಗಿಲು ಹಾಕಿಕೊಂಡನಂತೆ. ಮೂರನೆಯ ಸಲ ಅವನ ಹೆಂಡತಿ ಹೊರಗೆ ಬಂದು, ಇನ್ನು ಈ ಕಡೆ ಬರಬೇಡ ಎಂದಳಂತೆ. ನಾಲ್ಕನೆಯ ಸಲ ಹೋಗಬೇಕೋ ಬೇಡವೋ ತಿಳಿಯದೆ ಅವನಿಗೆ ಜಪದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ.

ಗುರುಗಳು, ಕುಳಿತುಕೋ ಎಂದು ಹೇಳಿ ಒಂದು ಕತೆ ಶುರು ಮಾಡಿದರು.

ಕರೇಕಲ್ಲು ಗುಡ್ಡದ ಬುಡದಲ್ಲಿ ಮಾಳಿಗೆಹಳ್ಳಿ ಎಂಬ ಊರಿತ್ತು. ಗುಡ್ಡದ ಮೇಲೆ ಹಿಂದಿನ ಕಾಲದಲ್ಲಿ ಯಾರೋ ಪಾಳೆಯಗಾರ ಕಟ್ಟಿಸಿದ ಅರಮನೆ. ಅದರಲ್ಲಿ ಇದ್ದವರು ಹೋಗಿ ಎಷ್ಟೋ ತಲೆಮಾರು ಕಳೆದಿದ್ದವು. ಬಾಗಿಲುಗಳನ್ನು ಜನ ಕಿತ್ತುಕೊಂಡು ಹೋಗಿದ್ದರು. ಮರದ ತೊಲೆಗಳನ್ನು ಗೆದ್ದಲು ತಿಂದಿತ್ತು. ಮೂರು ಕಲ್ಲಿನ ಹಜಾರಗಳು ಮಾತ್ರ ಉಳಿದಿದ್ದವು. ಕಲ್ಲಿನ ಗೋಡೆ, ಕಲ್ಲಿನ ಕಂಬ, ಮೇಲೆ ಕಲ್ಲು ಚಪ್ಪಡಿ. ಊರವರು ಅದನ್ನು ಹಾಳು ಅರಮನೆ ಎನ್ನುತ್ತಿದ್ದರು. ಯಾರಿಗೂ ಅದು ಬೇಕಾಗಿರಲಿಲ್ಲ. ಹೊನ್ನೂರಮ್ಮ ಎಂಬ ಒಬ್ಬ ಹೆಂಗಸು ಮಾತ್ರ ಮಳೆಗಾಲದಲ್ಲಿ ತನ್ನ ಆಡುಗಳನ್ನು ಅಲ್ಲಿ ಕೂಡುತ್ತಿದ್ದಳು.

ಅದೇ ಗುಡ್ಡದ ಮೂಡಣ ಮಗ್ಗುಲಿನಲ್ಲಿ ಕಲ್ಲು ತೆಗೆಯುವ ಕೆಲಸ ಶುರುವಾಯಿತು. ಕೆಳಗಿನ ಬಯಲಿನ ಹೊಳೆಗೆ ಸೇತುವೆ ಕಟ್ಟುವುದಿತ್ತು. ಕೆಲಸದ ಮೇಸ್ತ್ರಿ ಕಾಟಪ್ಪ ಎಂಬ ಕಲ್ಲುಕುಟಿಗ. ಅವನ ಕೈಕೆಳಗೆ ಎಪ್ಪತ್ತು ಜನ. ಕಾಟಪ್ಪನ ಕೆಲಸಕ್ಕೆ ಸುತ್ತಿನಲ್ಲೆಲ್ಲ ಹೆಸರಿತ್ತು. ಬಂಡೆಯ ಮೇಲೆ ಒಂದು ಗೆರೆ ಎಳೆದು, ಗೆರೆಯ ಗುಂಟ ಕುಳಿ ಹೊಡೆದು ಬೆಣೆ ಕೂರಿಸಿದನೆಂದರೆ ಬಂಡೆ ಆ ಗೆರೆ ಬಿಟ್ಟು ಒಂದು ಕೂದಲೂ ಆಚೆ ಈಚೆ ಒಡೆಯುತ್ತಿರಲಿಲ್ಲ. ಬೇರೆಯವರು ಕಲ್ಲು ತೆಗೆದ ಕಡೆ ಗುಡ್ಡದ ಮೈ ಹಲ್ಲು ಹಲ್ಲಾಗಿರುತ್ತಿತ್ತು. ಅವನು ತೆಗೆದ ಕಡೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತಿತ್ತು. ನೋಡಲು ಬಂದವರಿಗೆ ಅವನು ಅದನ್ನು ಕೈಯಿಂದ ಸವರಿ ತೋರಿಸುತ್ತಿದ್ದ.

ಹದಿನಾಲ್ಕು ವರ್ಷ ಕಲ್ಲು ತೆಗೆದರು. ಸೇತುವೆ ಮುಗಿಯಿತು. ಒಂದು ದಿನ ಬೆಳಗ್ಗೆ ಜನ ತಮ್ಮ ಹಾರೆ, ಸಮ್ಮಟಿಗೆ, ಅಡುಗೆಯ ಪಾತ್ರೆಗಳನ್ನು ಗಾಡಿಗೆ ಹೇರಿಕೊಂಡು ಹೊರಟುಹೋದರು. ಕಾಟಪ್ಪನೂ ಹೊಳೆಯಾಚೆ ತನ್ನ ಊರಿಗೆ ಹೋಗಿ, ಮನೆ ಕಟ್ಟಿಸಿ, ಮಕ್ಕಳ ಮದುವೆ ಮಾಡಿದ. ಗುಡ್ಡದಲ್ಲಿ ಉಳಿದದ್ದು ನಾಲ್ಕು ಕಡೆಯೂ ಕಡಿದು ನಿಲ್ಲಿಸಿದ ಒಂದು ದೊಡ್ಡ ಗುಂಡಿ. ಕಲ್ಲು ಮೇಲೆತ್ತಲು ಕಟ್ಟಿದ್ದ ಮರದ ಅಟ್ಟಣೆಗಳನ್ನು ಹೋಗುವಾಗ ಬಿಚ್ಚಿಕೊಂಡು ಹೋಗಿದ್ದರು. ಅದಕ್ಕೆ ಬೇಲಿ ಹಾಕಬೇಕೆಂದು ಯಾರೂ ಹೇಳಲಿಲ್ಲ. ಹಾಕಬೇಕೆಂದು ಯಾರಿಗೂ ತೋಚಲಿಲ್ಲ. ಮೂರು ಮಳೆಗಾಲದಲ್ಲಿ ಗುಂಡಿ ಅರ್ಧ ತುಂಬಿತು.

ಹೊನ್ನೂರಮ್ಮನಿಗೆ ಗಂಡ ಇರಲಿಲ್ಲ. ಒಬ್ಬಳೇ ಮಗಳು, ಕೆಂಚಿ. ಹದಿನೈದು ವರ್ಷ. ತಾಯಿ ಮಗಳು ದಿನ ಬಿಟ್ಟು ದಿನ ಆಡು ಕಾಯಲು ಹೋಗುತ್ತಿದ್ದರು. ಒಂದು ದಿನ ಕೆಂಚಿಯ ಸರದಿ. ಮಧ್ಯಾಹ್ನದ ಹೊತ್ತಿಗೆ ಒಂದು ಮರಿ ಗುಂಡಿಯ ಅಂಚಿನಲ್ಲಿ ಚಿಗುರು ತಿನ್ನಲು ಹೋಗಿ ಜಾರಿ ನೀರಿಗೆ ಬಿತ್ತು. ಕೆಂಚಿ ಅದರ ಹಿಂದೆಯೇ ಹಾರಿದಳು. ದೂರದ ಹೊಲದಲ್ಲಿ ಕಳೆ ಕೀಳುತ್ತಿದ್ದವಳೊಬ್ಬಳು ಅವಳು ಹಾರಿದ್ದನ್ನು ನೋಡಿದಳು. ಆ ಹುಡುಗಿಗೆ ಮೀನಿನ ಹಾಗೆ ಈಜು ಬರುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಅದಕ್ಕೆ ಆ ಹೆಂಗಸು ಮತ್ತೆ ಬಗ್ಗಿ ತನ್ನ ಕೆಲಸ ನೋಡಿಕೊಂಡಳು.

ಸಂಜೆ ಆಡುಗಳು ತಾವಾಗಿಯೇ ಮನೆಗೆ ಬಂದವು. ಜನ ಹೋಗಿ ನೋಡಿದಾಗ ಮರಿಯೂ ಹುಡುಗಿಯೂ ಒಂದೇ ಕಡೆ ತೇಲುತ್ತಿದ್ದರು.

ಸುದ್ದಿ ಹೊಳೆ ದಾಟಿ ಕಾಟಪ್ಪನ ಊರಿಗೆ ಹೋಗಲು ಒಂದು ವಾರ ಹಿಡಿಯಿತು. ಸಂತೆಗೆ ಬಂದವರು ಅವನ ಎದುರಿಗೆ ಮಾತಾಡಿಕೊಂಡರು. ಅದು ಅವನು ತೋಡಿಸಿದ ಗುಂಡಿ ಎಂದು ಅವರಿಗೆ ಗೊತ್ತಿರಲಿಲ್ಲ. ಅವನು ಮನೆಗೆ ಹೋಗಿ ಹೆಂಡತಿಯೊಡನೆ ಹೇಳಿದ. ಅದರಲ್ಲಿ ನಿಮ್ಮ ತಪ್ಪೇನು, ಹೇಳಿದ ಕೆಲಸ ಮಾಡಿದಿರಿ ಎಂದು ಅವಳು ಸಮಾಧಾನ ಮಾಡಿದಳು. ಮಕ್ಕಳೂ ಅದನ್ನೇ ಹೇಳಿದರು. ಅವನು ಎರಡು ದಿನ ಊಟದ ಮುಂದೆ ಕೂರುವುದು, ಕಲಸಿದ ಅನ್ನ ಬಿಟ್ಟು ಏಳುವುದು ಮಾಡಿದ. ಮೂರನೆಯ ದಿನ ಗಾಡಿ ಕಟ್ಟಿದ.

ಗಾಡಿಯಲ್ಲಿ ಎರಡು ಒಳ್ಳೆಯ ಹಾಲಿನ ಆಡು ತಂದಿದ್ದ. ಹೊನ್ನೂರಮ್ಮ ಜಗಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದಳು. ತಾನು ಯಾರೆಂದು ಅವನು ಹೇಳಿಕೊಂಡ. ತಪ್ಪಾಯಿತು ತಾಯಿ, ಕ್ಷಮಿಸಬೇಕು ಎಂದ. ಅವಳು ಎದ್ದು, ಅವನು ಗೂಟಕ್ಕೆ ಕಟ್ಟಿದ್ದ ಆಡುಗಳನ್ನು ಬಿಚ್ಚಿ ತಿರುಗಿ ಗಾಡಿಯ ಹಿಂದಕ್ಕೆ ಕಟ್ಟಿದಳು. ಮತ್ತೆ ಬಂದು ಹಗ್ಗ ಹೊಸೆಯಲು ಕುಳಿತಳು. ಒಂದು ಮಾತೂ ಆಡಲಿಲ್ಲ.

ಇನ್ನೊಂದು ಸಲ ಊರಗೌಡರನ್ನೂ ನಾಲ್ಕು ಜನ ಹಿರಿಯರನ್ನೂ ಕರೆದುಕೊಂಡು ಹೋದ. ಅವಳು ಎಲ್ಲರಿಗೂ ಕುಡಿಯಲು ನೀರು ಕೊಟ್ಟಳು, ಕಾಟಪ್ಪನಿಗೂ ಕೊಟ್ಟಳು. ಗೌಡರು ಹೇಳಿದ್ದನ್ನು ತಲೆ ಬಗ್ಗಿಸಿ ಕೇಳಿದಳು. ಆಮೇಲೆ ಆಡು ಬಿಡುವ ಹೊತ್ತಾಯಿತು ಎಂದು ಎದ್ದಳು.

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳ ಮೌನವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಗುಂಡಿಯನ್ನೇ ಇಲ್ಲದ ಹಾಗೆ ಮಾಡಿಬಿಟ್ಟರೆ ಎಂದು ಯೋಚಿಸಿದ. ಗೌಡರೊಡನೆ ಹೇಳಿದ. ಆ ಗುಂಡಿ ಮುಚ್ಚಲು ಬೇಕಾದಷ್ಟು ಕಲ್ಲು ಎಲ್ಲಿಂದ ತರುತ್ತೀಯ ಎಂದು ಗೌಡರು ಕೇಳಿದರು. ಕಾಟಪ್ಪ ಗುಡ್ಡದ ಮೇಲಕ್ಕೆ ಕೈ ತೋರಿಸಿದ. ಹಾಳು ಅರಮನೆ ಬಿದ್ದಿದೆ, ಯಾರಿಗೂ ಬೇಡದ್ದು, ಅದೂ ಈ ಗುಡ್ಡದ್ದೇ ಕಲ್ಲು. ಗೌಡರಿಗೆ ಮಾತು ಸರಿಯೆನಿಸಿತು. ಊರಿನ ಹಿರಿಯರೂ ಒಪ್ಪಿದರು. ಹೊನ್ನೂರಮ್ಮನನ್ನು ಯಾರೂ ಕೇಳಲಿಲ್ಲ. ಎಲ್ಲವೂ ಅವಳಿಗಾಗಿಯೇ ನಡೆಯುತ್ತಿದೆ ಎಂದು ಅವರು ತಿಳಿದಿದ್ದರು.

ಕಾಟಪ್ಪ ಹನ್ನೆರಡು ಗಾಡಿ ಹೂಡಿಸಿದ. ಹಳೆಯ ಜನರಲ್ಲಿ ಕೆಲವರನ್ನು ಕರೆಸಿದ. ಚಳಿಗಾಲದಲ್ಲಿ ಶುರು ಮಾಡಿದರು. ಮೊದಲ ಹಜಾರದ ಚಪ್ಪಡಿ ಇಳಿಸಿ, ಕಂಬ ಕೆಡವಿ, ಗೋಡೆ ಬಿಚ್ಚಿ ಗುಂಡಿಗೆ ನೂಕಿದರು. ಕಂಬಗಳ ಮೇಲೆ ಹಳೆಯ ಕೈಗಳು ಬಿಡಿಸಿದ ಬಳ್ಳಿ, ಹಂಸ ಇದ್ದವು. ಗಾಡಿಯವರು ನೀರಿಗೆ ನೂಕುವ ಮೊದಲು ಅದರ ಮೇಲೊಮ್ಮೆ ಕೈಯಾಡಿಸುತ್ತಿದ್ದರು. ಕಾಟಪ್ಪ ಅದನ್ನು ನೋಡದವನಂತೆ ಆಚೆ ತಿರುಗುತ್ತಿದ್ದ. ಎರಡನೆಯ ಹಜಾರವೂ ಹೋಯಿತು. ಕಲ್ಲು ಹಾಕಿದಷ್ಟೂ ನೀರು ಮೇಲೆ ಬಂತು. ಗುಂಡಿ ಮಾತ್ರ ಮುಚ್ಚಲಿಲ್ಲ.

ಮುಚ್ಚುವುದು ಹೇಗೆ? ಹದಿನಾಲ್ಕು ವರ್ಷ ತೆಗೆದ ಕಲ್ಲು ಹೊಳೆಯ ಮೇಲೆ ನಿಂತಿತ್ತು. ಅದು ಕಾಟಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಸುಮ್ಮನೆ ಕೂರುವುದಕ್ಕಿಂತ ಕಲ್ಲು ನೂಕುವುದು ಅವನಿಗೆ ಸುಲಭವಾಗಿತ್ತು.

ಅಷ್ಟರಲ್ಲಿ ಮಳೆ ಹಿಡಿಯಿತು. ಹೊನ್ನೂರಮ್ಮ ಆಡುಗಳನ್ನು ಹೊಡೆದುಕೊಂಡು ಗುಡ್ಡ ಹತ್ತಿದಳು. ಎರಡು ಹಜಾರ ಇದ್ದ ಜಾಗದಲ್ಲಿ ಬರಿಯ ನೆಲಗಟ್ಟು. ಉಳಿದ ಮೂರನೆಯದರ ಮೇಲೆ ಅರ್ಧ ಚಪ್ಪಡಿ ಆಗಲೇ ಇಳಿಸಿದ್ದರು. ಅವಳು ಸ್ವಲ್ಪ ಹೊತ್ತು ನಿಂತು ನೋಡಿ, ಆಡುಗಳನ್ನು ಒಂದು ಹುಣಿಸೆ ಮರದ ಕೆಳಗೆ ಕೂಡಿದಳು. ಏಳು ದಿನ ಬಿಡದೆ ಮಳೆ ಸುರಿಯಿತು. ಹನ್ನೊಂದು ಮರಿಗಳು ಚಳಿಗೆ ಸೆಟೆದು ಸತ್ತವು.

ಮಳೆ ನಿಂತ ಮೇಲೆ ಗಾಡಿಗಳು ಮತ್ತೆ ಬಂದವು. ಮೂರನೆಯ ಹಜಾರದ ಹೊಸ್ತಿಲ ಮೇಲೆ ಹೊನ್ನೂರಮ್ಮ ಕುಳಿತಿದ್ದಳು. ಗಾಡಿಯವರು ಎತ್ತು ನಿಲ್ಲಿಸಿದರು. ಯಾರಿಗೂ ಅವಳನ್ನು ಏಳು ಎನ್ನುವ ಧೈರ್ಯವಿರಲಿಲ್ಲ. ಕಾಟಪ್ಪನೇ ಮುಂದೆ ಬಂದ.

"ಸ್ವಲ್ಪ ಏಳಬೇಕು ತಾಯಿ," ಎಂದ. "ಇದೊಂದು ಹಾಕಿದರೆ ಗುಂಡಿ ಮುಚ್ಚುತ್ತದೆ."

"ಮುಚ್ಚುವುದಿಲ್ಲ," ಎಂದಳು ಅವಳು. "ಕಲ್ಲಿನ ಅಳತೆ ನನಗಿಂತ ನಿನಗೆ ಚೆನ್ನಾಗಿ ಗೊತ್ತು."

ಕಾಟಪ್ಪ ಹೆಗಲ ಮೇಲಿನ ಹಾರೆಯನ್ನು ಕೆಳಗಿಟ್ಟ.

"ಮುಚ್ಚಿದರೂ ಅದು ನಿನ್ನ ಕಣ್ಣಿಗೆ ಕಾಣದ ಹಾಗೆ ಆಗುತ್ತದೆ, ಅಷ್ಟೇ. ನೀರು ಆಳವಾಗಿತ್ತು ಅಂತ ನನ್ನ ಮಗಳು ಸಾಯಲಿಲ್ಲ ಅಪ್ಪ. ಅವಳಿಗೆ ಈಜು ಬರುತ್ತಿತ್ತು. ಮಧ್ಯಾಹ್ನದಿಂದ ಕೈ ಸೋಲುವವರೆಗೆ ಈಜಿದ್ದಾಳೆ. ಮೈ ತೊಳೆಯುವಾಗ ಅವಳ ಕೈ ನೋಡಿದೆ. ಹತ್ತು ಬೆರಳಿನಲ್ಲಿ ಒಂದಕ್ಕೂ ಉಗುರು ಉಳಿದಿರಲಿಲ್ಲ. ನಿನ್ನ ಗೋಡೆಯಲ್ಲಿ ಹಿಡಿದುಕೊಳ್ಳಲು ಒಂದು ಬೆರಳಿನಷ್ಟು ಜಾಗ ಇರಲಿಲ್ಲ."

ಅವಳು ಮೊದಲ ಸಲ ಅವನೊಡನೆ ಮಾತಾಡಿದ್ದು ಅದು. ದನಿ ಏರಿಸಲಿಲ್ಲ. ಹೇಳಿ ಮುಗಿಸಿ ಅಲ್ಲಿಯೇ ಕುಳಿತಳು.

ಕಾಟಪ್ಪ ಗಾಡಿಗಳನ್ನು ಬಿಟ್ಟು ಗುಂಡಿಯ ಕಡೆಗೆ ನಡೆದ. ಅಂಚಿನಲ್ಲಿ ನಿಂತು ಬಹಳ ಹೊತ್ತು ಕೆಳಗೆ ನೋಡಿದ. ಆಮೇಲೆ ಇಬ್ಬರು ಗಾಡಿಯವರನ್ನು ಕೂಗಿ ಕರೆದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತನ್ನನ್ನು ನೀರಿಗೆ ಇಳಿಸಲು ಹೇಳಿದ. ಅವನಿಗೆ ಈಜು ಬರುತ್ತಿರಲಿಲ್ಲ. ಅವರು ಬೇಡವೆಂದರು. ಅವನು ಕೇಳಲಿಲ್ಲ. ಕತ್ತಿನವರೆಗೆ ನೀರಿಗೆ ಇಳಿದ ಮೇಲೆ, ಮೇಲೆ ಅಂಚಿನ ಗುಂಟ ನಡೆಯಿರಿ ಎಂದು ಹೇಳಿದ. ಅವರು ಹಗ್ಗ ಹಿಡಿದು ನಡೆದರು. ಅವನು ಕೆಳಗೆ ಗೋಡೆಗೆ ಕೈ ಹಚ್ಚಿಕೊಂಡು ಗುಂಡಿಯ ಸುತ್ತ ಬಂದ. ತಾನೇ ಎಳೆದ ಗೆರೆ, ತಾನೇ ಸೀಳಿದ ಬಂಡೆ. ಎಲ್ಲಿ ಹಿಡಿಯಲು ಹೋದರೂ ಕೈ ಜಾರಿತು. ಒಂದು ಮೂಲೆಯಾದರೂ ಒರಟಾಗಿ ಇರಬಹುದೆಂದು ಆಸೆಪಟ್ಟ. ಇರಲಿಲ್ಲ. ಪೂರಾ ಒಂದು ಸುತ್ತು ಬಂದಾಗ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಮೇಲೆ ಎಳೆದುಕೊಂಡರು. ಅವನು ಕವುಚಿ ಮಲಗಿ, ನೆಲವನ್ನು ಎರಡೂ ಕೈಯಿಂದ ಹಿಡಿದುಕೊಂಡು ಅತ್ತ.

ಮಾರನೆಯ ದಿನ ಗಾಡಿಗಳನ್ನು ಕಳಿಸಿಬಿಟ್ಟ. ನಾಲ್ಕು ಜನರನ್ನು ಮಾತ್ರ ಇಟ್ಟುಕೊಂಡು, ಇಳಿಸಿದ್ದ ಚಪ್ಪಡಿಗಳನ್ನು ಮತ್ತೆ ಮೂರನೆಯ ಹಜಾರದ ಮೇಲೆ ಏರಿಸಿದ. ನೀರಿನ ಪಾಲಾದದ್ದನ್ನು ತರುವಂತಿರಲಿಲ್ಲ. ಸಂದುಗಳಿಗೆ ಸುಣ್ಣ ತುಂಬಿ, ಗಾಳಿ ಬರುವ ಕಡೆ ಒಂದು ಮೋಟು ಗೋಡೆ ಕಟ್ಟಿದ. ಅದಕ್ಕೆ ಹದಿನೆಂಟು ದಿನ ಹಿಡಿಯಿತು. ಮುಗಿದ ದಿನ ಹೊನ್ನೂರಮ್ಮ ಆಡುಗಳನ್ನು ಒಳಗೆ ಹೊಡೆದಳು. ಅವನ ಕಡೆಗೆ ನೋಡಲಿಲ್ಲ. ಅವನೂ ಅವಳು ನೋಡಲೆಂದು ನಿಲ್ಲಲಿಲ್ಲ.

ಆ ನಾಲ್ವರನ್ನೂ ಕಳಿಸಿ, ಒಂದು ಉಳಿ, ಒಂದು ಸುತ್ತಿಗೆ, ಒಂದು ಹಗ್ಗ ಇಟ್ಟುಕೊಂಡ. ಗುಂಡಿಯ ಪಡುವಣ ಗೋಡೆಯಲ್ಲಿ, ಮೇಲಿನಿಂದ ಕೆಳಕ್ಕೆ ಓರೆಯಾಗಿ ಒಂದು ಗೆರೆ ಎಳೆದ. ಆ ಗೆರೆಯ ಮೇಲೆ ಮೊದಲ ಮೆಟ್ಟಿಲು ಕಡಿಯಲು ಕುಳಿತ. ಆಗ ಅವನಿಗೆ ಐವತ್ತಾರು ವರ್ಷ.

ಕರಿಕಲ್ಲಿನಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಮೆಟ್ಟಿಲು ಕಡಿಯುವುದೆಂದರೆ ಒಂಬತ್ತು ಹತ್ತು ದಿನದ ಕೆಲಸ. ಮದ್ದು ಹಾಕಿ ಸಿಡಿಸಿದರೆ ಬೇಗ ಆಗುತ್ತಿತ್ತು. ಆದರೆ ಸಿಡಿಸಿದ ಕಲ್ಲಿನಲ್ಲಿ ಒಳಬಿರುಕು ಉಳಿಯುತ್ತದೆ, ಎಂದೋ ಒಂದು ದಿನ ಕಾಲ ಕೆಳಗೆ ಕಳಚುತ್ತದೆ. ಅದಕ್ಕೆ ಉಳಿಯಿಂದಲೇ ಕಡಿದ. ಗುಂಡಿಯ ಪಕ್ಕದಲ್ಲಿ ಸೋಗೆ ಹೊದಿಸಿದ ಒಂದು ಗುಡಿಸಲು ಹಾಕಿಕೊಂಡ. ಮಾಳಿಗೆಹಳ್ಳಿಯ ಹೆಂಗಸರು ತಮ್ಮ ಬೀಸುವ ಕಲ್ಲು ನುಣುಪಾದಾಗ ಅವನ ಹತ್ತಿರ ತರುತ್ತಿದ್ದರು. ಅವನು ಉಳಿ ಹೊಡೆದು ಒರಟು ಮಾಡಿ ಕೊಡುತ್ತಿದ್ದ. ಅವರು ಕೊಟ್ಟ ರಾಗಿಯಲ್ಲಿ ಅವನ ಊಟ ನಡೆಯುತ್ತಿತ್ತು. ಹೊನ್ನೂರಮ್ಮ ಮಾತ್ರ ತನ್ನ ಕಲ್ಲನ್ನು ತಲೆಯ ಮೇಲೆ ಹೊತ್ತು ಪಕ್ಕದ ಊರಿಗೆ ಹೋಗುತ್ತಿದ್ದಳು. ಅವನ ಗುಡಿಸಲಿನ ಮುಂದೆಯೇ ದಾರಿ ಇತ್ತು.

ಮಕ್ಕಳು ಬಂದು ಕರೆದರು. ಹೊಳೆಯಾಚೆ ಜನ ನಗುತ್ತಾರೆ, ನಮ್ಮ ಅಪ್ಪನಿಗೆ ಬುದ್ಧಿ ಕೆಟ್ಟಿದೆ ಅನ್ನುತ್ತಾರೆ ಎಂದರು. ಅವನು ಅವರಿಗೆ ರೊಟ್ಟಿ ತಟ್ಟಿ ಹಾಕಿ, ಇನ್ನಷ್ಟು ಕೆಲಸ ಇದೆ, ನೀವು ಹೋಗಿ ಎಂದ. ಮುಂದಿನ ವರ್ಷ ಅವನ ಹೆಂಡತಿ ಬಂದಳು. ಮೂರು ದಿನ ಇದ್ದು ಎಲ್ಲವನ್ನೂ ನೋಡಿದಳು. ಮನೆಗೆ ಬಾ ಎಂದು ಹೇಳಲಿಲ್ಲ. ಹೋಗುವಾಗ ಅವನ ಹರಿದ ಕಂಬಳಿಯನ್ನು ಹೊಲಿದು, ಮಡಿಸಿ ಇಟ್ಟು ಹೋದಳು. ಆಮೇಲೆ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಬಂದು ಹದಿನೈದು ದಿನ ಇದ್ದು ಹೋಗುತ್ತಿದ್ದಳು.

ಮೆಟ್ಟಿಲು ನೀರು ಮುಟ್ಟುವ ಹೊತ್ತಿಗೆ ನಾಲ್ಕು ವರ್ಷವಾಯಿತು. ಅಲ್ಲಿಗೆ ಮುಗಿಯಿತೆಂದು ಊರವರು ತಿಳಿದರು. ಕಾಟಪ್ಪನಿಗೆ ಹಾಗೆ ತೋರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿಯುತ್ತದೆ, ಆಗ ಬಿದ್ದವರಿಗೆ ಈ ಮೆಟ್ಟಿಲು ಎಟುಕುವುದಿಲ್ಲ. ಅದಕ್ಕೆ ಬೇಸಿಗೆ ಬಂದ ಹಾಗೆಲ್ಲ ನೀರಿನ ಹಿಂದೆ ಹಿಂದೆ ಇಳಿದು ಇನ್ನೂ ಕೆಳಗೆ ಕಡಿದ. ಇನ್ನೊಂದು ಯೋಚನೆಯೂ ಅವನನ್ನು ಬಿಡಲಿಲ್ಲ. ಮೆಟ್ಟಿಲು ಇರುವುದು ಪಡುವಣಕ್ಕೆ, ಬೀಳುವವರು ಮೂಡಣಕ್ಕೂ ಬೀಳಬಹುದು. ಮತ್ತೆ ಉಳಿ ಹಿಡಿದ. ಗುಂಡಿಯ ಸುತ್ತಲೂ ಗೋಡೆಯಲ್ಲಿ ನಾಲ್ಕು ಬೆರಳು ಒಳಗೆ ಹೋಗುವಷ್ಟು ಆಳದ ಒಂದು ಕಚ್ಚು ಕಡಿದ. ಯಾವ ಕಡೆ ಬಿದ್ದರೂ ಅದನ್ನು ಹಿಡಿದುಕೊಂಡು ಸರಿಯುತ್ತ ಮೆಟ್ಟಿಲಿಗೆ ಬರಬಹುದು. ಮಳೆಗಾಲದ ನೀರಿನ ಮಟ್ಟಕ್ಕೆ ಒಂದು ಕಚ್ಚು, ಬೇಸಿಗೆಯ ಮಟ್ಟಕ್ಕೆ ಒಂದು. ಹಗ್ಗದ ಉಯ್ಯಾಲೆಯಲ್ಲಿ ಕುಳಿತು, ಕಾಲನ್ನು ಗೋಡೆಗೆ ಒತ್ತಿಕೊಂಡು, ದಿನಕ್ಕೆ ಒಂದು ಗೇಣಿನಷ್ಟು ಸಾಗುತ್ತಿತ್ತು. ಐದನೆಯ ವರ್ಷ ಎಡಗೈಯ ಒಂದು ಬೆರಳು ಜಜ್ಜಿಹೋಯಿತು. ಏಳನೆಯ ವರ್ಷ ಕಲ್ಲಿನ ಚೂರು ಸಿಡಿದು ಒಂದು ಕಣ್ಣು ಹೋಯಿತು. ಕಣ್ಣು ಹೋದ ಮೇಲೆ ಅವನ ಗೆರೆ ಮೊದಲಿನಷ್ಟು ನೇರ ಬರುತ್ತಿರಲಿಲ್ಲ. ಕಚ್ಚು ಅಲ್ಲಲ್ಲಿ ಏರಿ ಇಳಿಯಿತು. ಅದನ್ನು ನೋಡಿ ಅವನಿಗೆ ಬೇಸರವಾಗಲಿಲ್ಲ.

ಈ ನಡುವೆ ಊರಿನ ಜನ ಆ ನೀರಿಗೆ ಇಳಿಯಲು ಶುರು ಮಾಡಿದ್ದರು. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಹೆಂಗಸರು ಕೊಡ ಹಿಡಿದು ಬಂದರು. ಆಮೇಲೆ ಬಟ್ಟೆ ಒಗೆಯಲು ಬಂದರು. ಕಾಟಪ್ಪನನ್ನು ಯಾರೂ ವಿಶೇಷವಾಗಿ ಮಾತಾಡಿಸಲಿಲ್ಲ. ಉಳಿಯ ಸದ್ದು ಅವರಿಗೆ ಹಕ್ಕಿಯ ಸದ್ದಿನ ಹಾಗೆ ಆಗಿಹೋಗಿತ್ತು. ಹೊನ್ನೂರಮ್ಮ ಆ ಕಡೆ ಬರಲಿಲ್ಲ. ಬಾವಿಯ ತಳದ ಕೆಸರು ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿದಳು.

ಹತ್ತನೆಯ ವರ್ಷ ಒಂದು ಸಂಗತಿ ನಡೆಯಿತು. ಊರಿನಲ್ಲಿ ಮದುವೆ. ಬೀಗರ ಕಡೆಯ ಒಬ್ಬ ಹಗಲಿನಲ್ಲೇ ಚೆನ್ನಾಗಿ ಕುಡಿದು, ಗಾಳಿಗೆ ತಿರುಗಾಡಲು ಗುಡ್ಡದ ಕಡೆ ಬಂದ. ಮೂಡಣ ಅಂಚಿನಿಂದ ಗುಂಡಿಗೆ ಬಿದ್ದ. ಕಾಟಪ್ಪನಿಗೆ ಜ್ವರ, ಗುಡಿಸಲಿನಲ್ಲಿ ಮಲಗಿದ್ದ. ಅವನಿಗೆ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನೀರು ಸುರಿಯುವ ಬಟ್ಟೆಯಲ್ಲಿ ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಬಂದು, ಗುಂಡಿ ತೋಡಿದವನ ವಂಶವನ್ನೆಲ್ಲ ಬೈಯುತ್ತ ಗುಡಿಸಲಿನ ಮುಂದೆ ನಿಂತ. ಕಾಟಪ್ಪ ಕಂಬಳಿ ಹೊದ್ದು ಹೊರಗೆ ಬಂದ. ಅವನು ಬೈದದ್ದನ್ನೆಲ್ಲ ಪೂರಾ ಕೇಳಿದ. ಆಮೇಲೆ, ನೀರಿನಲ್ಲಿ ಏನು ಹಿಡಿದುಕೊಂಡು ಬಂದೆ ಎಂದು ವಿಚಾರಿಸಿದ. ಏನೋ ಕೈಗೆ ಸಿಕ್ಕಿತು, ಹಿಡಿದುಕೊಂಡು ಬಂದೆ ಎಂದ ಅವನು. ಎಲ್ಲಾದರೂ ಕೈ ಜಾರಿತೇ ಎಂದು ಕಾಟಪ್ಪ ಕೇಳಿದ. ಕುಡಿದವನು ನೆನಪು ಮಾಡಿಕೊಂಡು, ಮೂಲೆಯಲ್ಲಿ ಪಾಚಿ ಇದೆ, ಅಲ್ಲಿ ಎರಡು ಸಲ ಜಾರಿತು ಎಂದ. ಮತ್ತೆ ಬೈಯುತ್ತ ಮದುವೆಮನೆಗೆ ಹೋದ. ತಾನು ಬದುಕಿದ್ದು ಹೇಗೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

ಜ್ವರ ಇಳಿದ ದಿನ ಕಾಟಪ್ಪ ಹಗ್ಗ ಕಟ್ಟಿಕೊಂಡು ಆ ಮೂಲೆಗೆ ಇಳಿದು, ಪಾಚಿ ಕೆರೆದು, ಕಚ್ಚನ್ನು ಇನ್ನೊಂದು ಬೆರಳು ಆಳ ಮಾಡಿದ.

ಅದರ ಮುಂದಿನ ಬೇಸಿಗೆಯಲ್ಲಿ ಹೊನ್ನೂರಮ್ಮ ಬಂದಳು. ಬೆಳಗಿನ ಹೊತ್ತು. ಆಡುಗಳನ್ನು ಮೇಲೆ ಮೇಯಲು ಬಿಟ್ಟು, ಒಬ್ಬಳೇ ಮೆಟ್ಟಿಲು ಇಳಿದಳು. ಕಾಟಪ್ಪ ಎದುರಿನ ಗೋಡೆಯಲ್ಲಿ ಹಗ್ಗದ ಮೇಲೆ ಕುಳಿತಿದ್ದ. ಅವಳನ್ನು ನೋಡಿ ಸುತ್ತಿಗೆ ನಿಲ್ಲಿಸಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮೆಟ್ಟಿಲ ಮೇಲಿನ ಬಟ್ಟೆ ಸರಿಸಿ ಅವಳಿಗೆ ದಾರಿ ಬಿಟ್ಟರು. ಅವಳಿಗೂ ವಯಸ್ಸಾಗಿತ್ತು. ಗೋಡೆಗೆ ಒಂದು ಕೈ ಕೊಟ್ಟುಕೊಂಡು, ಒಂದೊಂದೇ ಮೆಟ್ಟಿಲು ಇಳಿದು, ನೀರಿನವರೆಗೆ ಹೋದಳು. ಕುಳಿತು, ಬಗ್ಗಿ, ಗೋಡೆಯ ಕಚ್ಚಿನೊಳಗೆ ಬೆರಳು ಹಾಕಿ ಹಿಡಿದುಕೊಂಡಳು. ತುಂಬ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು. ಆಮೇಲೆ ಕೈ ಬಿಟ್ಟು, ಸೆರಗಿಗೆ ಒರೆಸಿಕೊಂಡು, ಎದ್ದು ಹತ್ತಿದಳು.

ಅವಳು ಮೇಲೆ ಬರುವ ಹೊತ್ತಿಗೆ ಕಾಟಪ್ಪ ಹಗ್ಗದಿಂದ ಮೇಲೇರಿ, ಮೆಟ್ಟಿಲಿನ ತಲೆಯ ಹತ್ತಿರ ಬಂದು ನಿಂತಿದ್ದ. ಅವನ ಗಡ್ಡದಲ್ಲಿ ಕಲ್ಲಿನ ಪುಡಿ. ಅವನ ಒಂದು ಕಣ್ಣು ಮುಚ್ಚಿದ್ದನ್ನು ಅವಳು ಅಂದೇ ಹತ್ತಿರದಿಂದ ನೋಡಿದ್ದು. ಹೆಂಗಸರೆಲ್ಲ ಕೆಳಗಿನಿಂದ ತಲೆ ಎತ್ತಿ ನೋಡುತ್ತಿದ್ದರು.

"ಕೆಳಗಿನಿಂದ ಮೂರನೆಯ ಮೆಟ್ಟಿಲು ಎತ್ತರವಾಯಿತು," ಎಂದಳು ಹೊನ್ನೂರಮ್ಮ. "ದಣಿದವರಿಗೆ ಕಾಲು ಎತ್ತುವುದಕ್ಕೆ ಆಗುವುದಿಲ್ಲ."

ಅಷ್ಟು ಹೇಳಿ ಆಡುಗಳ ಕಡೆಗೆ ಹೋದಳು.

ಕಾಟಪ್ಪ ಇನ್ನೂ ಮೂರು ವರ್ಷ ಬದುಕಿದ. ಕಲ್ಲಿನ ಪುಡಿ ಎದೆಗೆ ಇಳಿದು ಕೆಮ್ಮು ಹತ್ತಿತ್ತು, ಕೊನೆಗೆ ಅದರಿಂದಲೇ ಸತ್ತ. ಮಕ್ಕಳು ಬಂದು ಹೊಳೆಯಾಚೆಗೆ ಒಯ್ದರು. ಹೊನ್ನೂರಮ್ಮ ಆಮೇಲೂ ಬಹಳ ಕಾಲ ಆಡು ಕಾಯ್ದುಕೊಂಡಿದ್ದಳು. ಆ ಗುಂಡಿಗೆ ಮತ್ತೆ ಯಾರೂ ಬೀಳಲಿಲ್ಲವೆಂದು ನಾನು ಹೇಳುವುದಿಲ್ಲ. ಬಿದ್ದವರಿದ್ದಾರೆ, ಎದ್ದು ಬಂದವರೂ ಇದ್ದಾರೆ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದಲ್ಲಿ ಯಾರೋ ಕಟ್ಟಿಗೆ ಒಡೆಯುತ್ತಿದ್ದರು. ಚೆನ್ನವೀರ ತಲೆ ಬಗ್ಗಿಸಿ ಕುಳಿತಿದ್ದ. ಹೊನ್ನೂರಮ್ಮ ಆ ದಿನ ಮೆಟ್ಟಿಲ ಬಳಿ ಹೇಳಿದ ಮಾತಿನಲ್ಲಿ ತನಗೆ ಬೇಕಾದದ್ದು ಇದೆಯೋ ಇಲ್ಲವೋ ಎಂದು ಅವನು ಹುಡುಕುತ್ತಿದ್ದ. ಸಿಗದೆ, ಕೊನೆಗೆ ಕೇಳಿಯೇಬಿಟ್ಟ.

"ಅಂದರೆ ಆ ತಾಯಿ ಅವನನ್ನು ಕ್ಷಮಿಸಿದಳೇ, ಗುರುಗಳೇ?"

"ಅದನ್ನು ಕೇಳಲು ಅವನಿಗೆ ಬಿಡುವಾಗಲಿಲ್ಲ."